ಲ್ಯಾವೆಂಡರ್ ಮೈಕ್ರೋಕ್ಯಾಪ್ಸೂಲ್ ಐದು ಒಗೆತಕ್ಕೇ ಮಾಯ. ಹಿಡಿಸೋ ಅಂಟು (ಬೈಂಡರ್) ಏರಿಸಿದ್ರೆ ಬಟ್ಟೆ ರಟ್ಟು. ಏನು ಮಾಡೋದು?

ಜೆರ್ಸಿ_ತಿರುಪ್ಪೂರು
ಎಲ್ಲರಿಗೂ ನಮಸ್ಕಾರ. ಬಟ್ಟೆ 100% ಹತ್ತಿಯ ಸಿಂಗಲ್ ಜೆರ್ಸಿ (ಟೀಶರ್ಟಿನ ಹೆಣಿಗೆ ಬಟ್ಟೆ), 160 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ), ರಿಯಾಕ್ಟಿವ್ ಡೈ ಆಗಿದೆ. ಕ್ಯಾಪ್ಸೂಲ್ (ಉಜ್ಜಿದಾಗ ಒಡೆದು ವಾಸನೆ ಬಿಡೋ, ಕಣ್ಣಿಗೆ ಕಾಣದ ಗುಳಿಗೆ) ಮೆಲಮೈನ್-ಫಾರ್ಮಾಲ್ಡಿಹೈಡ್ ಅನ್ನೋ ಪ್ಲಾಸ್ಟಿಕ್ ಗೋಡೆಯದ್ದು, ಒಳಗೆ ಲ್ಯಾವೆಂಡರ್ ಎಣ್ಣೆ, ನೀರಲ್ಲಿ ಕಲಸಿದ ಸ್ಲರಿಯಲ್ಲಿ ಘನಾಂಶ 40%. ಬಟ್ಟೆ ಅದ್ದೋ ದ್ರಾವಣ (ಬಾತ್) ಹೀಗಿದೆ: ಸ್ಲರಿ ಲೀಟರಿಗೆ 30 ಗ್ರಾಂ, ಅಕ್ರಿಲಿಕ್ ಬೈಂಡರ್ 15 ಗ್ರಾಂ, ಕ್ಯಾಟಯಾನಿಕ್ (ಧನ ವಿದ್ಯುದಂಶದ) ಸಾಫ್ಟ್‌ನರ್ 20 ಗ್ರಾಂ. ಬಟ್ಟೆ ತನ್ನ ತೂಕದ 75% ಬಾತ್ ಹೀರುತ್ತೆ (ಪಿಕಪ್ 75%). ಸ್ಟೆಂಟರ್‌ನಲ್ಲಿ (ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸೋ ಯಂತ್ರ) 150 ಡಿಗ್ರಿಗೆ 60 ಸೆಕೆಂಡು, ಒಂದೇ ಪಾಸ್.

ಬಯರ್ ಕೇಳ್ತಿರೋದು 20 ಒಗೆತ. ಐದಕ್ಕೇ ವಾಸನೆ ಪತ್ತೆ ಇಲ್ಲ. ಬೈಂಡರ್ 60 ಗ್ರಾಂಗೆ ಏರಿಸಿದ್ರೆ ಬಟ್ಟೆ ರಟ್ಟಿನ ಥರ ಆಗ್ತಿದೆ, ಜೊತೆಗೆ ಉಜ್ಜಿದರೂ ವಾಸನೆ ಬರಲ್ಲ. ಆದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಫೋಟೋದಲ್ಲಿ ಕ್ಯಾಪ್ಸೂಲ್ ಕಾಣ್ತಾ ಇವೆ! ಕ್ಯಾಪ್ಸೂಲ್ ಮಾರಿದವರು ಬೈಂಡರ್ ಕಡೆ ಬೆರಳು ತೋರಿಸ್ತಾರೆ, ಬೈಂಡರ್‌ನವರು ಕ್ಯಾಪ್ಸೂಲ್ ಕಡೆ.

ಗಂಜಿಗಿರಾಕಿ
ಕ್ಯಾಟಯಾನಿಕ್ ಸಾಫ್ಟ್‌ನರ್ ಅಂತ ಓದಿದ ಕೂಡಲೇ ಉಳಿದದ್ದು ಓದೋದೇ ಬಿಟ್ಟೆ.

ಜೆರ್ಸಿ_ತಿರುಪ್ಪೂರು
ಯಾಕಣ್ಣ? ಬಾತ್ ಒಡೆದಿಲ್ಲವಲ್ಲ.

ಗಂಜಿಗಿರಾಕಿ
ಹಾಲು ಒಡೆದ ಹಾಗೆ ಕಣ್ಣಿಗೆ ಹೊಡೆಯೋ ಥರ ಒಡೆಯಬೇಕು ಅಂತೇನಿಲ್ಲ. ಅಕ್ರಿಲಿಕ್ ಬೈಂಡರ್‌ಗಳು ಹೆಚ್ಚಾಗಿ ಆನಯಾನಿಕ್ (ಋಣ ವಿದ್ಯುದಂಶದವು). ಕ್ಯಾಪ್ಸೂಲ್ ಸ್ಲರಿಯ ಡಿಸ್ಪರ್ಸೆಂಟ್ (ಕಣಗಳನ್ನ ಬಿಡಿಬಿಡಿಯಾಗಿ ಇಡೋ ವಸ್ತು) ಕೂಡ ಅನೇಕ ಸಲ ಆನಯಾನಿಕ್. ಅದಕ್ಕೆ ಕ್ಯಾಟಯಾನಿಕ್ ಸೇರಿಸಿದ್ರೆ ಸಣ್ಣ ಸಣ್ಣ ಗುಂಪು ಕಟ್ಟಿಕೊಳ್ಳುತ್ತೆ. 3 ಮೈಕ್ರಾನ್ ಕ್ಯಾಪ್ಸೂಲ್‌ಗಳು 40 ಮೈಕ್ರಾನ್ ಉಂಡೆ ಆದಮೇಲೆ ಎಳೆ ನಡುವೆ ಇಳಿಯೋದೇ ಇಲ್ಲ, ಮೇಲೇ ಕೂತಿರುತ್ತೆ. ಮೊದಲ ಒಗೆತದಲ್ಲೇ ಉದುರುತ್ತೆ.

ಪರೀಕ್ಷೆ ಸುಲಭ. ಬಾತ್‌ನಿಂದ 200 ಮಿಲಿ ಗಾಜಿನ ಬೀಕರ್‌ಗೆ ತಗೊಂಡು ಒಂದು ಗಂಟೆ ಅಲ್ಲಾಡಿಸದೆ ಬಿಡಿ. ಆಮೇಲೆ ಬೀಕರ್ ಓರೆ ಮಾಡಿ ನೋಡಿ. ಗೋಡೆಗೆ ರವೆ ಥರ ಕಾಳು ಅಂಟಿದ್ರೆ ಕಥೆ ಮುಗೀತು. ಬಟ್ಟೆ ಹಿಂಡೋ ಮ್ಯಾಂಗಲ್ ರೋಲರ್ ಮೇಲೆ ಬೆರಳಿಗೆ ಜಿಗುಟು ಸಿಕ್ಕರೂ ಅದೇ ಅರ್ಥ.

ಸ್ಟೆಂಟರ್‌ಸಿದ್ದ
ಸಾಫ್ಟ್‌ನರ್ ಒಂದು ಕಾರಣ, ಒಪ್ಪಿದೆ. ಆದರೆ ನನ್ನ ಪ್ರಕಾರ ದೊಡ್ಡ ತಪ್ಪು ಆ 150 ಡಿಗ್ರಿ 60 ಸೆಕೆಂಡಿನಲ್ಲಿದೆ. ಪ್ಯಾನೆಲ್‌ನಲ್ಲಿ ಕಾಣೋ 150 ಗಾಳಿಯದ್ದು, ಬಟ್ಟೆಯದ್ದಲ್ಲ. 75% ನೀರು ಹೊತ್ತ ಜೆರ್ಸಿ ಒಳಗೆ ಹೋದರೆ, ನೀರು ಆರೋವರೆಗೂ ಬಟ್ಟೆ 60-70 ಡಿಗ್ರಿ ದಾಟಲ್ಲ. ಸೆಲ್ಫ್-ಕ್ರಾಸ್‌ಲಿಂಕಿಂಗ್ (ಬಿಸಿಗೆ ತನ್ನೊಳಗೇ ಜಾಲ ಕಟ್ಟಿ ಗಟ್ಟಿಯಾಗೋ) ಅಕ್ರಿಲಿಕ್‌ಗೆ ಬಟ್ಟೆಯೇ 140-150 ಡಿಗ್ರಿ ಮುಟ್ಟಿ 2-3 ನಿಮಿಷ ಇರಬೇಕು. ನಿಮಗೆ ಸಿಗ್ತಿರೋದು ಕೊನೆಯ ಹತ್ತಿಪ್ಪತ್ತು ಸೆಕೆಂಡು. ಬೈಂಡರ್ ಒಣಗಿ ಪೊರೆ ಆಗಿದೆ ಅಷ್ಟೇ, ಕ್ರಾಸ್‌ಲಿಂಕ್ ಆಗಿಲ್ಲ. ಸೋಪಿನ ನೀರಿಗೆ ಬಿದ್ದಾಗ ಊದಿಕೊಂಡು ಬಿಟ್ಟುಕೊಡುತ್ತೆ.

ಒಣಗಿಸೋದು ಮತ್ತು ಕ್ಯೂರಿಂಗ್ (ಶಾಖದಲ್ಲಿ ಬೈಂಡರ್ ಗಟ್ಟಿ ಮಾಡೋದು) ಬೇರೆ ಬೇರೆ ಪಾಸ್ ಮಾಡಿ. ಮೊದಲು 110 ಡಿಗ್ರಿಯಲ್ಲಿ ತೇವಾಂಶ 6-8% ಬರೋವರೆಗೆ. ಆಮೇಲೆ 145ರಲ್ಲಿ ಎರಡೂವರೆ ನಿಮಿಷ. ಬಣ್ಣ ಬದಲಾಯಿಸೋ ಟೆಂಪರೇಚರ್ ಸ್ಟ್ರಿಪ್ ಸಿಗುತ್ತಲ್ಲ, ಅದನ್ನ ಬಟ್ಟೆಯ ಎರಡು ಅಂಚಿಗೂ ನಡುವೆಗೂ ಅಂಟಿಸಿ ಒಳಗೆ ಬಿಡಿ. ಅಂಚಿಗೂ ನಡುವೆಗೂ 10 ಡಿಗ್ರಿ ವ್ಯತ್ಯಾಸ ಬಂದರೆ ಆಶ್ಚರ್ಯಪಡಬೇಡಿ.

ಬೆಣ್ಣೆದೋಸೆ_ದಾವಣಗೆರೆ
ಏನ್ರೀ ಸಿದ್ದಣ್ಣ, 145ಕ್ಕ ಎರಡೂವರೆ ನಿಮಿಷ ಇಟ್ರ ಲ್ಯಾವೆಂಡರ್ ಎಲ್ಲಾ ಚಿಮಣಿ ದಾರಿ ಹಿಡೀತೈತಲ್ರೀ?

ಸ್ಟೆಂಟರ್‌ಸಿದ್ದ
ಗೋಡೆ ಚೆನ್ನಾಗಿದ್ದರೆ ಹೋಗಲ್ಲ. ಮೆಲಮೈನ್ ಗೋಡೆ ಆ ಶಾಖ ತಡೆಯುತ್ತೆ. ಲ್ಯಾವೆಂಡರ್ ಎಣ್ಣೆಯ ಒಂದು ಮುಖ್ಯ ಘಟಕ ಲಿನಲೂಲ್ 198 ಡಿಗ್ರಿಗೆ ಕುದಿಯೋದು, ಆದರೆ ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ಹಾರುತ್ತೆ ಅನ್ನೋದೂ ನಿಜ. ಹಾಗಾಗಿ ಮೂಗೇ ಇಲ್ಲಿ ಮೀಟರ್. ಮ್ಯಾಂಗಲ್ ಹತ್ತಿರ ಘಮಘಮ ಅಂದ್ರೆ ರೋಲರ್ ಒತ್ತಡಕ್ಕೆ ಕ್ಯಾಪ್ಸೂಲ್ ಒಡೀತಿವೆ, ಅಥವಾ ಸ್ಲರಿಯಲ್ಲೇ ಬಿಡಿ ಎಣ್ಣೆ ಇದೆ. ಮ್ಯಾಂಗಲ್‌ನಲ್ಲಿ ಸುಮ್ಮನಿದ್ದು ಸ್ಟೆಂಟರ್ ಬಾಯಲ್ಲಿ ಘಮ್ ಅಂದ್ರೆ ಗೋಡೆ ತೆಳು, ಸೋರ್ತಿದೆ. ಎರಡೂ ಕಡೆ ಮಂದ ವಾಸನೆ ಇದ್ದರೆ ಪರವಾಗಿಲ್ಲ.

ಜೆಲಾಟಿನ್-ಗಮ್ ಅರೇಬಿಕ್ ಗೋಡೆಯಾದರೆ ಮಾತ್ರ ಈ ಧೈರ್ಯ ಬೇಡ. ಅದು ಬಿಸಿನೀರಿಗೇ ಊದಿಕೊಳ್ಳೋ ಜಾತಿ.

ಲ್ಯಾಬ್‌ಕೋಟು
ಮೂಲಪ್ರಶ್ನೆಯ ಎರಡನೇ ಭಾಗಕ್ಕೆ ಯಾರೂ ಉತ್ತರಿಸಿಲ್ಲ. 60 ಗ್ರಾಂ ಬೈಂಡರ್ ಹಾಕಿದಾಗ ಕ್ಯಾಪ್ಸೂಲ್ ಇದೆ, ವಾಸನೆ ಇಲ್ಲ. ಲೆಕ್ಕ ನೋಡಿ. ಸ್ಲರಿ 30 ಗ್ರಾಂ, ಅದರಲ್ಲಿ ಒಣ ಕ್ಯಾಪ್ಸೂಲ್ 12 ಗ್ರಾಂ. ಬೈಂಡರ್‌ನ ಘನಾಂಶ 40% ಅಂದುಕೊಂಡರೆ 60ರಲ್ಲಿ 24 ಗ್ರಾಂ ಒಣ ಪಾಲಿಮರ್. ಅಂದರೆ ಕ್ಯಾಪ್ಸೂಲ್‌ಗಿಂತ ಅಂಟು ಎರಡು ಪಟ್ಟು. ಕ್ಯಾಪ್ಸೂಲ್ ಅಂಟಿನಲ್ಲಿ ಹೂತುಹೋಗಿದೆ, ಉಜ್ಜಿದಾಗ ಒತ್ತಡ ಗೋಡೆಗೆ ತಾಗೋದೇ ಇಲ್ಲ, ಮೆತ್ತನೆ ಪೊರೆ ಎಲ್ಲ ನುಂಗಿಬಿಡುತ್ತೆ. ಒಣ ತೂಕದಲ್ಲಿ ಕ್ಯಾಪ್ಸೂಲ್ ಒಂದೂವರೆಯಿಂದ ಎರಡು ಪಾಲು, ಬೈಂಡರ್ ಒಂದು ಪಾಲು ಇರಲಿ. ಅಂಟು ಕ್ಯಾಪ್ಸೂಲ್‌ನ ಬುಡ ಹಿಡಿದಿರಬೇಕು, ತಲೆ ಹೊರಗಿರಬೇಕು.

ಇನ್ನೊಂದು, ಮೈಕ್ರೋಸ್ಕೋಪ್ ಫೋಟೋ ನಂಬಿ ಕೂರಬೇಡಿ. ಕ್ಯಾಪ್ಸೂಲ್ ಉಳಿಯೋದು ಬೇರೆ, ಒಳಗಿನ ಎಣ್ಣೆ ಉಳಿಯೋದು ಬೇರೆ. 2000 ಪಟ್ಟು ದೊಡ್ಡದು ಮಾಡಿ ನೋಡಿದಾಗ ದುಂಡಗಿದ್ದರೆ ಸರಿ. ಹೂರಣ ಹೋದ ಹೋಳಿಗೆ ಥರ ಚಪ್ಪಟೆಯಾಗಿ ನಡುವೆ ಕುಳಿ ಬಿದ್ದಿದ್ದರೆ ಅದು ಬರೀ ಸಿಪ್ಪೆ. ಎಣ್ಣೆ ಎಷ್ಟಿದೆ ಅಂತ ತಿಳಿಯಲು ತುಂಡು ಬಟ್ಟೆಯನ್ನು ತೂಗಿ, ಕ್ಯಾಪ್ಸೂಲ್ ಗೋಡೆ ಒಡೆಯುವ ಹಾಗೆ ದ್ರಾವಕದಲ್ಲಿ ಅಲ್ಟ್ರಾಸೋನಿಕ್ ಮಾಡಿ, ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಅಳೆಯಬೇಕು. ಒಗೆಯದ ಬಟ್ಟೆ, 5, 10, 20 ಒಗೆತ, ನಾಲ್ಕೂ ಕಡೆ. ಒಗೆತ ಐಎಸ್‌ಒ 6330 (ಮನೆ ಒಗೆತದ ಅಂತರರಾಷ್ಟ್ರೀಯ ಪರೀಕ್ಷಾ ಮಾನದಂಡ) ಪ್ರಕಾರ 40 ಡಿಗ್ರಿಯಲ್ಲಿ. ಒಣಗಿಸೋ ವಿಧಾನವನ್ನೂ ರಿಪೋರ್ಟ್‌ನಲ್ಲಿ ಬರೆಸಿ. ನೆರಳಲ್ಲಿ ನೇತುಹಾಕಿದ್ದಕ್ಕೂ ಟಂಬಲ್ ಡ್ರೈಯರ್‌ನದ್ದಕ್ಕೂ ಅಜಗಜಾಂತರ.

ಲೆಕ್ಕಪುಸ್ತಕ
ಮೇಡಂ ಹೇಳಿದ್ದಕ್ಕೆ ಬಾಲಂಗೋಚಿ. ಲೀಟರಿಗೆ 30 ಗ್ರಾಂ, ಪಿಕಪ್ 75% ಅಂದ್ರೆ ಕಿಲೋ ಬಟ್ಟೆಗೆ 22.5 ಗ್ರಾಂ ಸ್ಲರಿ. ಒಣ ಕ್ಯಾಪ್ಸೂಲ್ 9 ಗ್ರಾಂ. ಅದರಲ್ಲಿ ಮುಕ್ಕಾಲು ಪಾಲು ಎಣ್ಣೆ ಅಂದುಕೊಂಡ್ರೆ 6.75 ಗ್ರಾಂ. 160 ಗ್ರಾಂ ತೂಗೋ ಟೀಶರ್ಟ್‌ನಲ್ಲಿ ಒಂದು ಗ್ರಾಂ ಚಿಲ್ಲರೆ. ಒಂದೊಂದು ಒಗೆತಕ್ಕೆ ಇದ್ದದ್ದರಲ್ಲಿ 20% ಹೋದ್ರೆ ಐದಕ್ಕೆ ಮೂರನೇ ಒಂದು ಪಾಲು ಉಳಿಯುತ್ತೆ, ಇಪ್ಪತ್ತಕ್ಕೆ 1% ಅಷ್ಟೇ. ನಷ್ಟ 5%ಗೆ ಇಳಿಸಿದ್ರೆ ಇಪ್ಪತ್ತಾದ ಮೇಲೂ 36% ಇರುತ್ತೆ. ಸ್ಲರಿ ಎರಡು ಪಟ್ಟು ಸುರಿದ್ರೆ 1% ಹೋಗಿ 2% ಆಗುತ್ತೆ, ದುಡ್ಡು ಮಾತ್ರ ಎರಡು ಪಟ್ಟು. ಕ್ಯೂರಿಂಗ್ ಸರಿ ಮಾಡಿ, ಡೋಸ್ ಆಮೇಲೆ.

ಜೆರ್ಸಿ_ತಿರುಪ್ಪೂರು
ಇದು ಮನಸ್ಸಿಗೆ ಹತ್ತಿತು. ಹಾಗಾದ್ರೆ ಹೊಸ ರೆಸಿಪಿ ಹೇಗಿರಲಿ?

ಸ್ಟೆಂಟರ್‌ಸಿದ್ದ
ಲೀಟರಿಗೆ ಗ್ರಾಂ ಲೆಕ್ಕದಲ್ಲಿ ಸ್ಲರಿ 50, ಮೆತ್ತನೆ ಅಕ್ರಿಲಿಕ್ 28-30 (ಗ್ಲಾಸ್ ಟ್ರಾನ್ಸಿಷನ್, ಅಂದ್ರೆ ಗಾಜಿನಂತೆ ಗಡುಸಾಗೋ ಉಷ್ಣಾಂಶ, ಮೈನಸ್ 20 ಡಿಗ್ರಿ ಅಥವಾ ಅದಕ್ಕೂ ಕೆಳಗಿನದ್ದು ಕೇಳಿ), ನಾನ್-ಅಯಾನಿಕ್ (ವಿದ್ಯುದಂಶ ಇಲ್ಲದ) ಸಿಲಿಕೋನ್ ಸಾಫ್ಟ್‌ನರ್ ಮೈಕ್ರೋಎಮಲ್ಷನ್ 8-10, ಅಸಿಟಿಕ್ ಆಸಿಡ್‌ನಿಂದ ಪಿಎಚ್ 5-5.5. ಬಾತ್ ಕಟ್ಟೋ ಕ್ರಮ ಮುಖ್ಯ. ಮೊದಲು ಮೆದು ನೀರು, ಆಮೇಲೆ ಆಸಿಡ್, ಆಮೇಲೆ ನೀರಲ್ಲಿ ಕಲಸಿದ ಸಾಫ್ಟ್‌ನರ್, ಅದರ ಮೇಲೆ ಕಲಸಿದ ಬೈಂಡರ್, ಕೊನೆಗೆ ಕ್ಯಾಪ್ಸೂಲ್. ಕ್ಯಾಪ್ಸೂಲ್ ಬಿದ್ದಮೇಲೆ ಹೈಸ್ಪೀಡ್ ಸ್ಟಿರರ್ ಮುಟ್ಟಬೇಡಿ, ಅಗಲ ಪ್ಯಾಡಲ್‌ನಲ್ಲಿ ನಿಧಾನಕ್ಕೆ. ನೈಲಾನ್ ಜಾಲರಿಯಲ್ಲಿ ಸೋಸಿ ಟ್ರಫ್‌ಗೆ (ಬಟ್ಟೆ ಅದ್ದೋ ತೊಟ್ಟಿ) ಬಿಡಿ.

ಡ್ರಮ್‌ನಿಂದ ಸ್ಲರಿ ತೆಗೆಯೋ ಮುಂಚೆ ಅಡಿಯವರೆಗೂ ಕಲಕಿ. ಎಣ್ಣೆ ತುಂಬಿದ ಕ್ಯಾಪ್ಸೂಲ್ ನೀರಿಗಿಂತ ಹಗುರ, ಕೆನೆಯ ಹಾಗೆ ಮೇಲೆ ಬಂದು ನಿಲ್ಲುತ್ತೆ. ಕಲಕದೆ ಕೆಳಗಿನ ನಲ್ಲಿಯಿಂದ ಹಿಡಿದವರಿಗೆ ಮೊದಲ ಲಾಟ್‌ನಲ್ಲಿ ವಾಸನೆ ಕಮ್ಮಿ, ಕೊನೆಯ ಲಾಟ್‌ನಲ್ಲಿ ಬಿಳಿ ಮಚ್ಚೆ.

ಗಂಜಿಗಿರಾಕಿ
ಸಿದ್ದಣ್ಣ, ಆ ಸಿಲಿಕೋನ್‌ನೂ ನಾನು ಒಪ್ಪಲ್ಲ. ಸಿಲಿಕೋನ್ ಎಳೆ ಮೇಲೆ ಹರಡಿಕೊಂಡ್ರೆ ಬೈಂಡರ್‌ಗೆ ಹಿಡಿತ ಎಲ್ಲಿ? ಪಾಲಿಎಥಿಲೀನ್ ಎಮಲ್ಷನ್ ಹಾಕ್ಲಿ. ಅದಕ್ಕಿಂತ ಮುಂಚೆ ಬಟ್ಟೆಯನ್ನ ನೋಡ್ಲಿ. ಡೈಯಿಂಗ್ ಮೆಷೀನ್‌ನ ಕೊನೇ ಬಾತ್‌ನಲ್ಲೇ ಸಾಫ್ಟ್‌ನರ್ ಹಾಕಿ ಕಳಿಸೋ ರೂಢಿ ಎಲ್ಲ ಕಡೆ ಇದೆ. ಒಂದು ಹನಿ ನೀರು ಬಿಡಿ. ಮೂರು ಸೆಕೆಂಡಿನೊಳಗೆ ಹೀರಿಕೊಂಡ್ರೆ ಸರಿ. ಮುತ್ತಿನ ಹಾಗೆ ನಿಂತ್ರೆ ಆ ಬಟ್ಟೆಗೆ ಯಾವ ಬೈಂಡರೂ ಕಚ್ಚಲ್ಲ.

ಸ್ಟೆಂಟರ್‌ಸಿದ್ದ
ಹನಿ ಪರೀಕ್ಷೆಗೆ ಪೂರ್ತಿ ಮಾರ್ಕು. ಸಿಲಿಕೋನ್ ವಿಷಯದಲ್ಲಿ 10 ಗ್ರಾಂ ದಾಟದಿದ್ದರೆ ತೊಂದರೆ ಇಲ್ಲ ಅನ್ನೋದು ನನ್ನ ವಾದ, ಬಿಡಲ್ಲ. ಪಾಲಿಎಥಿಲೀನ್ ಹಾಕಿದ ಜೆರ್ಸಿಯನ್ನ ಬಯರ್ ಕೈಲಿ ಹಿಡಿದು ಮುಖ ಸಿಂಡರಿಸ್ತಾರೆ.

ಕಾಟನ್‌ಕೆಮಿಸ್ಟ್ರಿ
ಬೈಂಡರ್ ಗೋಳೇ ಬೇಡ ಅಂದ್ರೆ ಬಿಟಿಸಿಎ (ಬ್ಯೂಟೇನ್ ಟೆಟ್ರಾಕಾರ್ಬಾಕ್ಸಿಲಿಕ್ ಆಸಿಡ್) ಅಥವಾ ಸಿಟ್ರಿಕ್ ಆಸಿಡ್ ಹಾಕಿ ನೇರ ಎಸ್ಟರ್ ಬಂಧ (ರಾಸಾಯನಿಕ ಕೊಂಡಿ) ಮಾಡಬಹುದಲ್ಲ? ಹತ್ತಿಯ ಹೈಡ್ರಾಕ್ಸಿಲ್ ಒಂದು ಕಡೆ, ಕ್ಯಾಪ್ಸೂಲ್‌ನದ್ದು ಇನ್ನೊಂದು ಕಡೆ. ಬೈಂಡರ್‌ನ ಫಾರ್ಮಾಲ್ಡಿಹೈಡ್ ಕಾಟವೂ ಇಲ್ಲ.

ಲ್ಯಾಬ್‌ಕೋಟು
ಕಾಗದದ ಮೇಲೆ ಚೆಂದ. ಕ್ಯಾಪ್ಸೂಲ್ ಗೋಡೆಯಲ್ಲೂ ಹೈಡ್ರಾಕ್ಸಿಲ್ ಅಥವಾ ಅಮೈನ್ ಇರಬೇಕು. ಕೈಟೊಸಾನ್, ಜೆಲಾಟಿನ್, ಸೈಕ್ಲೋಡೆಕ್ಸ್‌ಟ್ರಿನ್‌ಗೆ (ಪಿಷ್ಟದಿಂದ ಮಾಡೋ ಬಟ್ಟಲಾಕಾರದ ಅಣು) ಹೊಂದುತ್ತೆ. ಇವರ ಮೆಲಮೈನ್ ಗೋಡೆಗೆ ಅದರಿಂದ ಹೆಚ್ಚು ಪ್ರಯೋಜನ ಇಲ್ಲ. ಎರಡನೆಯದು ಶಾಖ. ಸೋಡಿಯಂ ಹೈಪೋಫಾಸ್ಫೈಟ್ ಕ್ಯಾಟಲಿಸ್ಟ್ ಹಾಕಿದರೂ 160-180 ಡಿಗ್ರಿ ಬೇಕು, ಆಗ ಸುಗಂಧ ಎಣ್ಣೆಯ ಗತಿ ಹೇಳಬೇಕಿಲ್ಲ. ಸಿಟ್ರಿಕ್ ಆಸಿಡ್ ಆ ಶಾಖಕ್ಕೆ ಅಕೊನಿಟಿಕ್ ಆಸಿಡ್ ಆಗಿ ಬಿಳಿ ಬಟ್ಟೆ ಹಳದಿ ತಿರುಗುತ್ತೆ. ಹೈಪೋಫಾಸ್ಫೈಟ್ ಕೆಲವು ರಿಯಾಕ್ಟಿವ್ ಬಣ್ಣ, ಸಲ್ಫರ್ ಬಣ್ಣಗಳ ಶೇಡ್ ಬದಲಿಸುತ್ತೆ. ಬಿಟಿಸಿಎ ದುಬಾರಿ. ಮೇಲೆ ಬಟ್ಟೆಯ ಹರಿಯೋ ಬಲವೂ ಕುಸಿಯುತ್ತೆ.

ಸೈಕ್ಲೋಡೆಕ್ಸ್‌ಟ್ರಿನ್‌ನದ್ದೇ ಇನ್ನೊಂದು ದಾರಿ ಇದೆ. ಮೊನೊಕ್ಲೋರೊಟ್ರಯಜಿನೈಲ್ ಗುಂಪು ಕಟ್ಟಿದ ಬೀಟಾ-ಸೈಕ್ಲೋಡೆಕ್ಸ್‌ಟ್ರಿನ್ ಹತ್ತಿಗೆ ರಿಯಾಕ್ಟಿವ್ ಡೈ ಥರವೇ ಕೂಡಿಕೊಳ್ಳುತ್ತೆ, ಕ್ಷಾರ ಹಾಕಿ 150-160ರಲ್ಲಿ ಫಿಕ್ಸ್ ಮಾಡಬೇಕು. ಅದು ಕ್ಯಾಪ್ಸೂಲ್ ಅಲ್ಲ, ಖಾಲಿ ಬಟ್ಟಲು. ಒಗೆದ ಮೇಲೆ ಮತ್ತೆ ಸುಗಂಧ ತುಂಬಬಹುದು. ಆದರೆ ಒಂದು ಬಟ್ಟಲಿನ ಒಳಗೆ ಹಿಡಿಸೋದು ಸಾಮಾನ್ಯವಾಗಿ ಒಂದೇ ಅಣು, ಹಾಗಾಗಿ ಪ್ರಮಾಣ ಕಮ್ಮಿ.

ಬೆಣ್ಣೆದೋಸೆ_ದಾವಣಗೆರೆ
ನಮ್ ಕಡೆ ಹೊಲಿದ ಅಂಗಿಗೇ ಮಾಡ್ಬೇಕು ಅಂತಾರ್ರಿ. ಸ್ಟೆಂಟರ್ ಇಲ್ಲ, ಗಾರ್ಮೆಂಟ್ ವಾಷಿಂಗ್ ಮಷೀನ್ ಐತಿ, ಟಂಬಲರ್ ಐತಿ. ಆಗ?

ಗಂಜಿಗಿರಾಕಿ
ಎಕ್ಸಾಸ್ಟ್ ವಿಧಾನ, ಅಂದ್ರೆ ನೀರಿಂದ ಬಟ್ಟೆಯೇ ಕ್ಯಾಪ್ಸೂಲ್ ಎಳೆದುಕೊಳ್ಳೋದು. ಕ್ಯಾಟಯಾನಿಕ್ ಮೇಲ್ಮೈಯ ಕ್ಯಾಪ್ಸೂಲ್ ತಗೊಳ್ರಿ, ಇಲ್ಲಾಂದ್ರೆ ಅಂಗಿಗೇ ಮೊದಲು ಕ್ಯಾಟಯಾನೈಸರ್ (ಧನ ವಿದ್ಯುದಂಶ ಕೊಡೋ ರಾಸಾಯನಿಕ) ಕೊಡಿ. ಲಿಕ್ಕರ್ 1:10 (ಕಿಲೋ ಬಟ್ಟೆಗೆ ಹತ್ತು ಲೀಟರ್ ನೀರು), 40 ಡಿಗ್ರಿ, ಪಿಎಚ್ 5-5.5, ಅಂಗಿಯ ತೂಕದ 3-4% ಸ್ಲರಿ, 20 ನಿಮಿಷ. ನೀರು ತಿಳಿಯಾಯ್ತಾ ನೋಡಿ. ಹಾಲಿನ ಬಣ್ಣ ಇನ್ನೂ ಇದ್ದರೆ ಕ್ಯಾಪ್ಸೂಲ್ ಏರಿಲ್ಲ, ಸೀದಾ ಚರಂಡಿಗೆ ಹೋಗುತ್ತೆ. ಆಮೇಲೆ ಬೈಂಡರ್ 1-2%, ಸ್ವಲ್ಪ ಸ್ವಲ್ಪವಾಗಿ ಹತ್ತು ನಿಮಿಷದಲ್ಲಿ. ಹೈಡ್ರೋದಲ್ಲಿ (ಜೋರಾಗಿ ತಿರುಗಿಸಿ ನೀರು ತೆಗೆಯೋ ಯಂತ್ರ) ಹಿಂಡಿ.

ಟಂಬಲರ್ 80 ಡಿಗ್ರಿಯಲ್ಲಿ ಅಕ್ರಿಲಿಕ್ ಕ್ಯೂರ್ ಆಗಲ್ಲ, ಅದನ್ನ ಮರೀಬೇಡಿ. ಜೀನ್ಸ್‌ಗೆ ರೆಸಿನ್ ಮಾಡೋ ಓವನ್ ಇದ್ದರೆ 140ಕ್ಕೆ ನೇತುಹಾಕಿ. ಓವನ್ ಇಲ್ಲದಿದ್ದರೆ ಕಾರ್ಬೊಡೈಇಮೈಡ್ ಕ್ರಾಸ್‌ಲಿಂಕರ್ ಜೊತೆಗಿನ ಪಿಯು (ಪಾಲಿಯುರೆಥೇನ್) ಡಿಸ್ಪರ್ಷನ್. ಅದು ಕಡಿಮೆ ಶಾಖಕ್ಕೂ ಗಟ್ಟಿಯಾಗುತ್ತೆ, ಬೆಲೆ ಮಾತ್ರ ಜೋರು. ಕಲಸಿದ ಬಾತ್ ಮರುದಿನಕ್ಕೆ ಇಡಬೇಡಿ.

ತಣ್ಣನೆಅಂಗಿ
ಇದೇ ಚರ್ಚೆಯಲ್ಲಿ ಕೇಳ್ತೀನಿ. ಬೇಸಿಗೆಗೆ ಅಂತ ಪಿಸಿಎಂ (ಕರಗುವಾಗ ಶಾಖ ಹೀರೋ ಮೇಣ) ಕ್ಯಾಪ್ಸೂಲ್ ಟೀಶರ್ಟ್ ಮಾಡ್ತಾರಲ್ಲ, ಅದನ್ನೂ ಹೀಗೇ ಪ್ಯಾಡ್ (ಬಾತ್‌ನಲ್ಲಿ ಅದ್ದಿ ಹಿಂಡೋದು) ಮಾಡಬಹುದಾ?

ಲೆಕ್ಕಪುಸ್ತಕ
ಮಾಡಬಹುದು, ಉಪಯೋಗಕ್ಕೆ ಬರಲ್ಲ. ಆಕ್ಟಡೆಕೇನ್ ಅನ್ನೋ ಆ ಮೇಣ 28 ಡಿಗ್ರಿಗೆ ಕರಗುತ್ತೆ, ಗೋಡೆ ಸೇರಿಸಿ ಕ್ಯಾಪ್ಸೂಲ್ ಗ್ರಾಂಗೆ 180 ಜೂಲ್ ಹೀರುತ್ತೆ ಅನ್ನಿ. ಸ್ಲರಿ 50 ಗ್ರಾಂ, ಪಿಕಪ್ 80% ಹಿಡಿದ್ರೆ ಕಿಲೋಗೆ 16 ಗ್ರಾಂ ಕ್ಯಾಪ್ಸೂಲ್. 150 ಜಿಎಸ್‌ಎಂ ಬಟ್ಟೆಯ ಚದರ ಮೀಟರಿಗೆ 2.4 ಗ್ರಾಂ, ಅಂದ್ರೆ ಸುಮಾರು 430 ಜೂಲ್. ಸುಮ್ಮನೆ ಕೂತ ಮನುಷ್ಯನ ಮೈ ಚದರ ಮೀಟರಿಗೆ 58 ವ್ಯಾಟ್ ಶಾಖ ಬಿಡುತ್ತೆ. ಏಳೂವರೆ ಸೆಕೆಂಡು ತಂಪು. ಅಂಗಿ ಗುಂಡಿ ಹಾಕೋದರೊಳಗೆ ಖಲಾಸ್.

ಕೋಟಿಂಗ್ ಮಾಡಿ ಚದರ ಮೀಟರಿಗೆ 50 ಗ್ರಾಂ ಕೂರಿಸಿದ್ರೆ 9000 ಜೂಲ್, ಎರಡೂವರೆ ನಿಮಿಷ. ಅದೂ ಬಿಸಿಯಿಂದ ತಂಪಿಗೆ, ತಂಪಿಂದ ಬಿಸಿಗೆ ಓಡಾಡುವಾಗ ಮಾತ್ರ ಗೊತ್ತಾಗುತ್ತೆ. ಜಾಕೆಟ್ ಲೈನಿಂಗ್, ಬೂಟು, ಹಾಸಿಗೆ ಹೊದಿಕೆಗೆ ಅರ್ಥ ಇದೆ. ಕಲಬುರಗಿ ಬೇಸಿಗೆಯಲ್ಲಿ 40 ಡಿಗ್ರಿಗೆ ನಿಂತರೆ ಕ್ಯಾಪ್ಸೂಲ್ ಕರಗಿದ್ದು ಕರಗಿದ್ದೇ.

ತಣ್ಣನೆಅಂಗಿ
ಏಳೂವರೆ ಸೆಕೆಂಡು!! ಟ್ಯಾಗ್ ಮೇಲೆ "ದಿನವಿಡೀ ತಂಪು" ಅಂತ ಬರೆದಿರ್ತಾರಲ್ಲ ಮಾರಾಯ್ರೇ.

ಸೊಳ್ಳೆಪರದೆ
ಟ್ಯಾಗ್ ವಿಷಯಕ್ಕೆ ಬಂದ್ರೆ ಸೊಳ್ಳೆ ಓಡಿಸೋ ಸಿಟ್ರೊನೆಲ್ಲಾ ಕ್ಯಾಪ್ಸೂಲ್ ಬಟ್ಟೆಗಳೂ ಅಷ್ಟೇ. ಸಿಟ್ರೊನೆಲ್ಲಾ ಹಾರಿಹೋಗೋ ಎಣ್ಣೆ, ಹಾರಿದಾಗಲೇ ಕೆಲಸ. ಹಾಗಾಗಿ ಕ್ಯಾಪ್ಸೂಲ್ ಇಲ್ಲದೆ ಗತಿ ಇಲ್ಲ, ಆದರೂ ಆಯಸ್ಸು ಕಮ್ಮಿ. ಕೀಟನಾಶಕ ಪರ್ಮೆಥ್ರಿನ್ ಹಾರಲ್ಲ, ಕೀಟ ಮುಟ್ಟಿದಾಗ ಕೆಲಸ ಮಾಡುತ್ತೆ. ಅದನ್ನ ಬೈಂಡರ್ ಜೊತೆ ನೇರ ಹಾಕಿದರೂ ನಡೆಯುತ್ತೆ. ಔಷಧಿ ಹಚ್ಚಿದ ದೀರ್ಘ ಬಾಳಿಕೆ ಸೊಳ್ಳೆಪರದೆಗಳನ್ನ ವಿಶ್ವ ಆರೋಗ್ಯ ಸಂಸ್ಥೆ 20 ಒಗೆತದ ಮೇಲೆ ಪರೀಕ್ಷಿಸುತ್ತೆ, ಆದರೆ ಅವು ಪಾಲಿಎಸ್ಟರ್ ಅಥವಾ ಪಾಲಿಎಥಿಲೀನ್. ಪಾಲಿಎಥಿಲೀನ್‌ನದ್ದರಲ್ಲಿ ಔಷಧಿ ಎಳೆಯ ಒಳಗೇ ಇದ್ದು ನಿಧಾನಕ್ಕೆ ಮೇಲೆ ಬರುತ್ತೆ. ಹತ್ತಿ ಜೆರ್ಸಿಗೆ ಅದೇ ಲೆಕ್ಕ ಹಚ್ಚಬೇಡಿ. ಕೀಟನಾಶಕ ಬಳಸೋದಾದ್ರೆ 1968ರ ಕೀಟನಾಶಕ ಕಾಯ್ದೆಯನ್ನೂ ನೋಡಿಕೊಳ್ಳಿ.

ಗೃಹಿಣಿ_ಎಂಟೆಕ್
ಐಎಸ್‌ಒ 6330 ಎಲ್ಲ ಸರಿ ಸ್ವಾಮಿ. ನಮ್ಮ ಮನೆಗಳಲ್ಲಿ ಬಟ್ಟೆಗೆ ಬಾರ್ ಸೋಪು, ಬ್ರಶ್ಶು, ಒಗೆಯೋ ಕಲ್ಲು. ಸೋಪಿನ ನೀರು ಪಿಎಚ್ 10ರ ಹತ್ತಿರ. ಬ್ರಶ್ ಒಂದೆಳೆತಕ್ಕೆ ಮೇಲಿನ ಪದರದ ಕ್ಯಾಪ್ಸೂಲ್ ಚೂರು. ಆಮೇಲೆ ಕಾಟನ್ ಸೆಟ್ಟಿಂಗ್‌ನಲ್ಲಿ 200 ಡಿಗ್ರಿ ಇಸ್ತ್ರಿ. ಭಾರತದ ಮಾರುಕಟ್ಟೆಗೆ ಮಾಡೋರು ಕಾಲರ್, ತೋಳಿನ ಅಂಚು ಬಿಟ್ಟು ಬೆನ್ನಿನ ಒಳಮೈಗೆ ಸ್ಕ್ರೀನ್ ಪ್ರಿಂಟ್ ಮಾಡಲಿ. ಬ್ರಶ್ ಹೋಗೋದೇ ಕಾಲರಿಗೆ.

ಸ್ಟೆಂಟರ್‌ಸಿದ್ದ
ಅಮ್ಮ, ಒಳ್ಳೆ ಮಾತು. ಪ್ರಿಂಟ್‌ನಲ್ಲಿ ಕ್ಯಾಪ್ಸೂಲ್ ದಪ್ಪಗೂ ಕೂರುತ್ತೆ, ಉಳಿದ ಬಟ್ಟೆ ಮೆತ್ತಗೂ ಇರುತ್ತೆ. ಸ್ಕ್ವೀಜಿ (ಪ್ರಿಂಟ್ ಪೇಸ್ಟ್ ಒತ್ತೋ ಪಟ್ಟಿ) ಒತ್ತಡ ಮಾತ್ರ ಕಮ್ಮಿ ಇರಲಿ. ದೊಡ್ಡ ಕ್ಯಾಪ್ಸೂಲ್ ಪ್ರಿಂಟ್ ಮಾಡುವಾಗಲೇ ಒಡೆಯಬಹುದು. ಮೊದಲು ಕಪ್ಪು ಬಟ್ಟೆ ಮೇಲೆ ಮಾಡಿ ಉಗುರಲ್ಲಿ ಗೀರಿ ನೋಡಿ. ಬಿಳಿ ಪುಡಿ ಎದ್ದರೆ ಬೈಂಡರ್ ಸಾಲದು, ಬಿಳಿ ಗೀಟು ಮೂಡಿ ಹಾಗೇ ನಿಂತರೆ ಬೈಂಡರ್ ಜಾಸ್ತಿ.

ಹಸಿರುಗಂಟು
ಜೆರ್ಸಿ ಅವರೇ, ಬಯರ್ ಯುರೋಪಿನವರಾ? ಹೌದಾದ್ರೆ ವಾಸನೆಗಿಂತ ಮೊದಲು ಫಾರ್ಮಾಲ್ಡಿಹೈಡ್ ನೋಡಿ. ಬಟ್ಟೆಯಲ್ಲಿ ಕಿಲೋಗೆ 75 ಮಿಲಿಗ್ರಾಂ ಮಿತಿ, ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಓಕೋ-ಟೆಕ್ಸ್ (ಬಟ್ಟೆ ಸುರಕ್ಷತೆಯ ಪ್ರಮಾಣಪತ್ರ) ಲೆಕ್ಕದಲ್ಲಿ 16ರ ಕೆಳಗೆ. ಮೆಲಮೈನ್ ಗೋಡೆಯಿಂದ ಒಂದಿಷ್ಟು, ಎನ್-ಮೀಥೈಲಾಲ್ (ಫಾರ್ಮಾಲ್ಡಿಹೈಡ್ ಬಿಡೋ ರಾಸಾಯನಿಕ ಗುಂಪು) ಇರೋ ಬೈಂಡರ್‌ನಿಂದ ಒಂದಿಷ್ಟು, ಎರಡೂ ಕೂಡಿಕೊಳ್ಳುತ್ತೆ. ಫಾರ್ಮಾಲ್ಡಿಹೈಡ್ ಅಳೆಯೋ ಐಎಸ್‌ಒ 14184-1 ಪರೀಕ್ಷೆಯನ್ನ ಸ್ಟೆಂಟರ್‌ನಿಂದ ಇಳಿದ ದಿನ ಮಾತ್ರ ಮಾಡಿಸಿ ಸುಮ್ಮನಾಗಬೇಡಿ. ಪಾಲಿಥಿನ್‌ನಲ್ಲಿ ಪ್ಯಾಕ್ ಆಗಿ, ಸೆಕೆಗೆ ಕಂಟೇನರ್‌ನಲ್ಲಿ ಬೆಂದ ಮೇಲೆ ಅಂಕಿ ಏರಿರುತ್ತೆ.

ಇನ್ನೊಂದು, ಯುರೋಪ್ ಒಕ್ಕೂಟ 2023ರಲ್ಲಿ ಮೈಕ್ರೋಪ್ಲಾಸ್ಟಿಕ್ ನಿರ್ಬಂಧ ತಂದಿದೆ (2023/2055). ಸುಗಂಧದ ಕ್ಯಾಪ್ಸೂಲ್‌ಗಳಿಗೆ 2029ರ ಅಕ್ಟೋಬರ್‌ವರೆಗೆ ಕಾಲಾವಕಾಶ. ಬೈಂಡರ್ ಪೊರೆಯಲ್ಲಿ ಶಾಶ್ವತವಾಗಿ ಸೇರಿದ ಕಣಕ್ಕೆ ಬೇರೆ ನಿಯಮ, ಆದರೆ ಒಗೆದಾಗ ಉದುರೋದನ್ನ "ಶಾಶ್ವತ" ಅಂತ ವಾದಿಸೋದು ಹೇಗೆ? ಬಯರ್‌ನಿಂದ ಲಿಖಿತದಲ್ಲಿ ಕೇಳಿ ಇಟ್ಟುಕೊಳ್ಳಿ.

ಜೆರ್ಸಿ_ತಿರುಪ್ಪೂರು
ಯುರೋಪೇ. ಬೈಂಡರ್‌ನಲ್ಲಿ ಎನ್-ಮೀಥೈಲಾಲ್ ಇದೆಯಾ ಅಂತ ಡಾಟಾ ಶೀಟ್‌ನಲ್ಲಿ ಬರೆದಿಲ್ಲ.

ಹಸಿರುಗಂಟು
ಬರೆದಿಲ್ಲ ಅಂದ್ರೆ ಇದೆ ಅಂದುಕೊಂಡೇ ಟೆಸ್ಟ್ ಮಾಡಿಸಿ.

ರೇಷ್ಮೆಗೂಡು
ರೇಷ್ಮೆ ಸೀರೆಗೆ ಮಲ್ಲಿಗೆ ಕ್ಯಾಪ್ಸೂಲ್ ಹಾಕೋಕೆ ಆಗುತ್ತಾ? ಕೇಳೋರು ಬಹಳ ಜನ.

ಲ್ಯಾಬ್‌ಕೋಟು
ಸೀರೆಯ ಮೈಗೆ ಬೇಡ. 130 ದಾಟಿದರೆ ರೇಷ್ಮೆ ಹಳದಿಗೆ ತಿರುಗೋ ಭಯ, ಅದಕ್ಕಿಂತ ಕಡಿಮೆಗೆ ಅಕ್ರಿಲಿಕ್ ಅರೆಬರೆ. ಬೈಂಡರ್ ಬಿದ್ದರೆ ಆ ಸರಬರ ಸದ್ದು, ಹೊಳಪು ಎರಡೂ ಹೋಗುತ್ತೆ. ಮೇಲಾಗಿ ಡ್ರೈಕ್ಲೀನಿಂಗ್‌ಗೆ ಹೋಗೋ ಬಟ್ಟೆ. ಅಲ್ಲಿ ಬಳಸೋ ದ್ರಾವಕ ಪರ್ಕ್ಲೋರೊಎಥಿಲೀನ್‌ನಲ್ಲಿ ಅಕ್ರಿಲಿಕ್ ಪೊರೆ ಊದುತ್ತೆ, ಪಿಯು ಗೋಡೆಯೂ ಊದಿ ಎಣ್ಣೆ ಬಿಟ್ಟುಕೊಡುತ್ತೆ.

ಗೃಹಿಣಿ_ಎಂಟೆಕ್
ಸೀರೆ ಬಿಟ್ಟು ಫಾಲ್‌ಗೆ ಹಾಕಿ. ನಡೆಯುವಾಗ ನೆಲಕ್ಕೂ ಕಾಲಿಗೂ ಉಜ್ಜೋದು ಅದೇ, ಕ್ಯಾಪ್ಸೂಲ್ ಒಡೆಯೋದೂ ಅಲ್ಲೇ. ವಾಸನೆ ಹೋದ್ರೆ ಫಾಲ್ ಬಿಚ್ಚಿ ಬೇರೆ ಹಾಕಿಸಬಹುದು.

ರೇಷ್ಮೆಗೂಡು
ಅಬ್ಬಾ, ಇದು ಹೊಳೆದಿರಲಿಲ್ಲ. ಫಾಲ್ ಹತ್ತಿಯದ್ದಿರಲಾ, ಪಾಲಿಎಸ್ಟರ್‌ದಾ?

ಗಂಜಿಗಿರಾಕಿ
ಪಾಲಿಎಸ್ಟರ್ ಆದ್ರೆ ಪಿಯು ಬೈಂಡರ್, 130ಕ್ಕೆ ಮೂರು ನಿಮಿಷ. ಗಾಢ ಬಣ್ಣದ ಫಾಲ್ ಆದ್ರೆ ಅದಕ್ಕಿಂತ ಏರಿಸಬೇಡಿ, ಪಾಲಿಎಸ್ಟರ್‌ಗೆ ಹಾಕಿದ ಬಣ್ಣ (ಡಿಸ್ಪರ್ಸ್ ಡೈ) ಬೈಂಡರ್ ಪೊರೆಗೆ ಏರಿ ರೇಷ್ಮೆಗೆ ಹತ್ತುತ್ತೆ. ಹತ್ತಿ ಆದ್ರೆ ಸಿದ್ದಣ್ಣನ ರೆಸಿಪಿ, ಸಿಲಿಕೋನ್ ಬಿಟ್ಟು. ಹೊಲಿಯೋ ಮುಂಚೆ ಫಾಲ್ ನೆನೆಸಿ ಶ್ರಿಂಕ್ ಮಾಡಿಸಿ, ಅದೂ ಫಿನಿಶ್‌ಗೆ ಮೊದಲು, ಆಮೇಲಲ್ಲ.

ಸ್ಟೆಂಟರ್‌ಸಿದ್ದ
ಮತ್ತೆ ಸಿಲಿಕೋನ್ ಮೇಲೆ ಬಂದ್ರು ನೋಡಿ.